ಊರಿಗೆಲ್ಲ ಧೈರ್ಯ ಹೇಳಿದ ಅಪ್ಪ

ಅಪ್ಪ ತೀರಿಕೊಂಡ ದಿನ ಜನ ಅವನ ಬಗ್ಗೆ ಹೇಳಿದ್ದೆಲ್ಲ ನಿಜ. ಒಂದು ಮಾತು ಮಾತ್ರ ಸುಳ್ಳು. ವರ್ಷ ಕಳೆದಂತೆ ನಿಜವೆಲ್ಲ ಮರೆತುಹೋಗಿ ಆ ಸುಳ್ಳೊಂದೇ ಉಳಿದುಕೊಂಡಿತು. ಅದು ಹೇಗಾಯಿತೆಂದು ಬರೆದಿಡುತ್ತಿದ್ದೇನೆ.

ಅಪ್ಪ ಉಪದೇಶಿಯಾಗಿದ್ದ. ದೊಡ್ಡ ಪಾದ್ರಿಗಳು ಎಂದೋ ಒಮ್ಮೆ ಬಂದು ದೀಕ್ಷಾಸ್ನಾನ, ಮದುವೆ ಮುಗಿಸಿ ಜೀಪು ಹತ್ತಿ ಹೋಗುವರು. ಉಳಿದ ದಿನಗಳಲ್ಲಿ ಸಭೆಯನ್ನು ನಡೆಸುವುದು, ಬೈಬಲ್ಲಿನ ವಾಕ್ಯ ಓದಿ ಹೇಳುವುದು, ಕಾಯಿಲೆಯವರ ಮನೆಗೆ, ಸಾವಿನ ಮನೆಗೆ ಹೋಗುವುದು, ಇದೆಲ್ಲ ಉಪದೇಶಿಯ ಪಾಲಿಗೆ. ಎಂಬತ್ತರ ದಶಕದ ಮೊದಲಿಗೆ ನಾವು ಮಸ್ಕಿಯಲ್ಲಿದ್ದೆವು. ಗುಡ್ಡದ ಬುಡದಲ್ಲಿ ಎರಡು ಕೋಣೆಯ ಮನೆ, ಪಕ್ಕದಲ್ಲೇ ಹಂಚಿನ ಗುಡಿ. ನಮ್ಮ ಕಡೆ ಕ್ರೈಸ್ತರೂ ಅದನ್ನು ಗುಡಿ ಎಂದೇ ಕರೆಯುತ್ತಿದ್ದೆವು. ಅಪ್ಪನ ಬಳಿ ಒಂದು ಸೈಕಲ್ಲಿತ್ತು. ದನಿ ಕೆಡಬಾರದೆಂದು ಜೇಬಿನಲ್ಲಿ ಸದಾ ಲವಂಗ ಇಟ್ಟುಕೊಂಡಿರುತ್ತಿದ್ದ. ಅವನು ಬಗ್ಗಿ ಮಾತಾಡಿದರೆ ಲವಂಗದ ವಾಸನೆ ಬರುತ್ತಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಮಂದಿಗೆ ಆ ವಾಸನೆಯೆಂದರೆ ಸಮಾಧಾನ.

ಪಾಮನಕಲ್ಲೂರಿನಲ್ಲಿ ಕುರಿ ಕಾಯುವವರ ಮನೆಯ ಹೆಂಗಸೊಬ್ಬಳ ಮಗ ಬಾವಿಗೆ ಬಿದ್ದು ಸತ್ತಿದ್ದ. ಅವರು ನಮ್ಮ ಸಭೆಯವರಲ್ಲ, ಮನೆದೇವರ ಪೂಜೆ ಮಾಡುವವರು. ಅವಳು ಅನ್ನ ನೀರು ಬಿಟ್ಟು ಕುರಿಹಟ್ಟಿಯ ಗೋಡೆಗೆ ಒರಗಿ ಕೂತವಳು ಏಳಲೇ ಇಲ್ಲವಂತೆ. ಮಸ್ಕಿಯ ಉಪದೇಶಿಗೆ ಇಂಥವರನ್ನು ಎಬ್ಬಿಸುವುದು ಗೊತ್ತು ಎಂದು ಯಾರೋ ಹೇಳಿದ್ದರು. ಅವಳ ಗಂಡ ಬಂದು ಅಪ್ಪನನ್ನು ಕರೆದ. ಆ ದಿನ ಅಪ್ಪ ನನ್ನನ್ನೂ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದ.

ಅಪ್ಪ ಅವಳ ಮುಂದೆ ನೆಲದ ಮೇಲೆ ಕೂತ. "ನಾ ಏನೂ ಹೇಳಾಕ ಬಂದಿಲ್ಲವಾ," ಎಂದ. "ನಿನ್ನ ಕೂಡ ಜರಾ ಕುಂದ್ರಾಕ ಬಂದೀನಿ."

ಬಿಸಿಲು ಗೋಡೆಯಿಂದ ಇಳಿದು ನಮ್ಮ ಕಾಲ ಮೇಲೆ ಬರುವವರೆಗೆ ಕೂತೆವು. ನನಗೆ ಬೇಸರವಾಗಿ ಕುರಿಮರಿಗಳನ್ನು ನೋಡುತ್ತಿದ್ದೆ. ಕೊನೆಗೆ ಅಪ್ಪ ಕೇಳಿದ, "ನಿನ್ನ ಮಗಗ ಏನು ಸೇರ್ತಿತ್ತವಾ, ಊಟದಾಗ?"

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಅಪ್ಪ ಮತ್ತೆ ಕೇಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಆಮೇಲೆ ಅವಳೇ ಹೇಳಿದಳು, "ಸಜ್ಜಿ ರೊಟ್ಟಿ. ಬೆಲ್ಲ."

"ಹಂಗಾದ್ರ ಮಾಡು. ನಾ ತಿಂತೀನಿ. ನನ್ನ ಮಗಳೂ ತಿಂತಾಳ."

ಅವಳು ಎದ್ದಳು. ಗೋಡೆ ಹಿಡಿದುಕೊಂಡು ಎದ್ದು ಒಲೆ ಹಚ್ಚಿದಳು. ರೊಟ್ಟಿ ತಟ್ಟುತ್ತ ಅತ್ತಳು, ನಮಗೆ ಬಡಿಸಿ ಕಡೆಗೆ ತಾನೂ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡಳು. ಅವರು ಕೊನೆಯವರೆಗೂ ನಮ್ಮ ಸಭೆಗೆ ಸೇರಲಿಲ್ಲ. ಅಪ್ಪ ಸೇರಿರೆಂದು ಕೇಳಲೂ ಇಲ್ಲ. ವಾಪಸು ಬರುವಾಗ ನಾನು, "ಅಪ್ಪಾ, ನೀ ಏನೂ ಮಾತಾಡ್ಲೇ ಇಲ್ಲಲ್ಲ?" ಎಂದೆ.

"ಧೈರ್ಯ ಹೇಳೂದು ಅಂದ್ರ ನಾವು ಮಾತಾಡೂದಲ್ಲವಾ," ಎಂದ. "ಅವರ ಬಾಯಾಗ ಮಾತು ಬರೂ ತನಕ ಕುಂದ್ರೂದು. ವಿಶ್ವಾಸಿ ಆದವನು ಇದೊಂದು ಕಲೀಬೇಕು. ಬ್ಯಾರೆ ಎಲ್ಲಾ ಆಮ್ಯಾಲೆ."

ಆ ಮಾತು ಅಪ್ಪನ ಬಾಯಿಂದಲೇ ಬಂದದ್ದು. ನನಗೆ ಇವತ್ತಿಗೂ ನುಂಗಲಾಗದೆ ಇರುವುದು ಅದೇ.

ಯಾಕೆಂದರೆ ನನ್ನ ಅಣ್ಣನಿಗೆ ತೊದಲು. ನನಗಿಂತ ಮೂರು ವರ್ಷ ದೊಡ್ಡವನು. ಮಾತಿನ ಮೊದಲ ಅಕ್ಷರದ ಮೇಲೆ ಅವನ ನಾಲಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕಣ್ಣು ಮುಚ್ಚಿ, ಗದ್ದ ಎತ್ತಿ, ಕೈಯ ಬೆರಳು ಮಡಚಿ ಒದ್ದಾಡುವನು. ಕಾದರೆ ಮಾತು ಬರುತ್ತಿತ್ತು. ಅವ್ವ ಕಾಯುವಳು. ನಾನೂ ಕಾಯುತ್ತಿದ್ದೆ, ನಮಗದು ರೂಢಿಯಾಗಿತ್ತು. ಅಪ್ಪ ಕಾಯುತ್ತಿರಲಿಲ್ಲ. ಅಣ್ಣ ಬಾಯಿ ತೆರೆದರೆ ಅವನು ಎದ್ದು ಸೈಕಲ್ ಒರೆಸಲು ಹೋಗುವನು.

ಹಿರಿಯ ಮಗ ತನ್ನ ಹಾಗೆಯೇ ವಾಕ್ಯ ಹೇಳುವವನಾಗಬೇಕೆಂದು ಅಪ್ಪ ಹರಕೆ ಹೊತ್ತಂತೆ ಮನಸ್ಸಿನಲ್ಲಿಟ್ಟುಕೊಂಡಿದ್ದ. ಬಜೆ ಬೇರನ್ನು ತೇಯ್ದು ಅಣ್ಣನ ನಾಲಿಗೆಗೆ ಹಚ್ಚಿಸಿದ. ಬಾಯಲ್ಲಿ ಹರಳು ಇಡಿಸಿ ಓದಿಸಿದ. ಉಪವಾಸ ಕೂರಿಸಿದ. ಒಂದು ಬೇಸಿಗೆ ಲಿಂಗಸುಗೂರಿನಲ್ಲಿ ಪೆಂಡಾಲು ಹಾಕಿ ಪ್ರಾರ್ಥನಾ ಕೂಟ ನಡೆದಾಗ ಹೊರಗಿನಿಂದ ಬಂದ ಪ್ರಸಂಗಿಯ ಮುಂದೆ ಅವನನ್ನು ನಿಲ್ಲಿಸಿದ. ಆ ಮನುಷ್ಯ ಅಣ್ಣನ ಗಂಟಲು ಹಿಡಿದು ಕೂಗಿ ಪ್ರಾರ್ಥಿಸಿದ. ಮನೆಗೆ ಬಂದ ಮೇಲೆ ಅವ್ವ ಅವನ ಕುತ್ತಿಗೆಗೆ ಎಣ್ಣೆ ಹಚ್ಚುವಾಗ ಉಗುರಿನ ಗುರುತು ಕಂಡೆ. ಅಣ್ಣನ ತೊದಲು ಮೊದಲಿಗಿಂತ ಹೆಚ್ಚಾಯಿತು.

ಆ ವರ್ಷದ ಕ್ರಿಸ್ಮಸ್ಸಿಗೆ ಅಪ್ಪ ಅವನಿಗೆ ಗುಡಿಯಲ್ಲಿ ವಾಕ್ಯ ಓದುವ ಕೆಲಸ ಕೊಟ್ಟ. ಅಣ್ಣ ಹಿತ್ತಿಲಲ್ಲಿ ಬೇವಿನ ಗಿಡಕ್ಕೆ ಮುಖ ಮಾಡಿ ಓದಿ ಓದಿ ಬಾಯಿಪಾಠ ಮಾಡಿದ್ದ. ಗಿಡದ ಮುಂದೆ ಅವನು ಒಮ್ಮೆಯೂ ತೊದಲುತ್ತಿರಲಿಲ್ಲ. ಗುಡಿಯ ತುಂಬ ಜನ, ಬಣ್ಣದ ಕಾಗದದ ತೋರಣ. ಅಣ್ಣ ಹೊಸ ಅಂಗಿ ಹಾಕಿಕೊಂಡು ನಿಂತ. ಮೊದಲ ಶಬ್ದವೇ ಬರಲಿಲ್ಲ. ಗದ್ದ ಮೇಲೆ ಹೋಯಿತು. ಹಿಂದಿನ ಚಾಪೆಯ ಹುಡುಗರು ಕಿಸಕ್ಕೆಂದರು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇನ್ನೊಂದು ಚೂರು ಹೊತ್ತು ಬಿಟ್ಟಿದ್ದರೆ ಮಾತು ಹೊರಬರುತ್ತಿತ್ತು, ಅವನ ತುಟಿ ನೋಡಿ ನನಗೆ ಗೊತ್ತಾಗಿತ್ತು. ಅಷ್ಟರಲ್ಲಿ ಅಪ್ಪ ಅವನ ಕೈಯಿಂದ ಪುಸ್ತಕ ತೆಗೆದುಕೊಂಡು ತಾನೇ ಓದತೊಡಗಿದ. ನೀರು ಹರಿದಂತೆ ಓದಿದ. ಸಭೆ ನಿಟ್ಟುಸಿರು ಬಿಟ್ಟಿತು. ಅಣ್ಣ ಎಲ್ಲಿ ಹೋಗಬೇಕೆಂದು ತಿಳಿಯದೆ ಅಪ್ಪನ ಪಕ್ಕದಲ್ಲೇ ನಿಂತಿದ್ದ.

ಮನೆಗೆ ಬಂದ ಮೇಲೆ ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಕೋಟನ್ನು ಗೂಟಕ್ಕೆ ಹಾಕುತ್ತ, "ಇನ್ನ ಮ್ಯಾಲೆ ನೀ ಮಂದ್ಯಾಗ ಬಾಯಿ ತೆಗಿಬ್ಯಾಡ," ಎಂದ. ಅಷ್ಟೇ.

ನಮ್ಮನ್ನು ಲಿಂಗಸುಗೂರಿಗೆ ವರ್ಗ ಮಾಡಿದರು. ಅಣ್ಣ ಅಲ್ಲಿ ಹತ್ತನೆಯ ತರಗತಿಯಲ್ಲಿ ನಪಾಸಾದ. ಅವನದೇ ತರಗತಿಯ, ನಮ್ಮ ಸಭೆಯ ಇನ್ನೊಬ್ಬ ಹುಡುಗನೂ ನಪಾಸಾದ. ಆ ಹುಡುಗ ಗುರುಗುಂಟಾದಿಂದ ದಿನಾ ಬಸ್ಸಿಗೆ ಬಂದು ಓದುತ್ತಿದ್ದವನು. ನಪಾಸಾದದ್ದು ತಿಳಿದ ಮೇಲೆ ಮನೆಗೆ ಹೋಗಲು ಹೆದರಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದನಂತೆ. ಅವನ ತಂದೆ ಹುಡುಕಿ ನಮ್ಮ ಮನೆಗೆ ಕರೆತಂದರು. ಅಪ್ಪ ಅವನನ್ನು ಪಡಸಾಲೆಯಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಂಡು ಹೆಗಲ ಮೇಲೆ ಕೈಹಾಕಿದ.

"ಅಳಬ್ಯಾಡಪಾ. ಒಂದು ಪರೀಕ್ಷಾ ಅಂದ್ರ ಜೀವನಾನ ಮುಗೀತೇನು? ದೇವರು ನಿನಗೊಂದು ಕೆಲಸ ಇಟ್ಟಾನ. ಅದು ಯಾವ ಮಾರ್ಕ್ಸ್ ಕಾರ್ಡಿನ ಮ್ಯಾಲೂ ಬರೆದಿಲ್ಲ. ನೀ ಕೆಲಸಕ್ಕ ಬಾರದ ಬೇಕಾರ ಹುಡುಗ ಅಲ್ಲ. ನಾ ಹೇಳತೀನಿ ಕೇಳು, ನೀ ಬೇಕಾರ ಅಲ್ಲ."

ಹುಡುಗ ಅಪ್ಪನ ಎದೆಗೆ ಮುಖ ಇಟ್ಟು ಅತ್ತ. ಅವನ ತಂದೆಯೂ ಕಣ್ಣೊರೆಸಿಕೊಂಡರು. ಅಣ್ಣ ಅವರಿಗೆ ಚಹ ತಂದುಕೊಟ್ಟು ಬಾಗಿಲ ಬಳಿ ನಿಂತಿದ್ದ. ಅವರು ಹೊರಟು ಹೋದರು. ಅಣ್ಣ ಕಪ್ಪು ಬಸಿಗಳನ್ನು ಒಳಗಿಟ್ಟು ಮತ್ತೆ ಪಡಸಾಲೆಗೆ ಬಂದ. ಆ ಹುಡುಗ ಕೂತಿದ್ದ ಜಾಗದ ಹತ್ತಿರ ಬಂದು ನಿಂತ. ಅವನಾಗ ಅಪ್ಪನಷ್ಟೇ ಎತ್ತರವಾಗಿದ್ದ. ಅಪ್ಪ ಲವಂಗ ಬಾಯಿಗೆ ಹಾಕಿಕೊಂಡು, ಯಾರದೋ ಮನೆಯಲ್ಲಿ ಪ್ರಾರ್ಥನೆ ಇದೆಯೆಂದು ಅವ್ವನಿಗೆ ಹೇಳಿ, ಸೈಕಲ್ ತೆಗೆದುಕೊಂಡು ಹೋದ.

ಅವ್ವ ಬಂದು ಅಣ್ಣನ ಬೆನ್ನಿನ ಮೇಲೆ ಕೈಯಿಟ್ಟಳು. ಅವನು ಮೆಲ್ಲಗೆ ಆ ಕೈಯನ್ನು ತೆಗೆದ.

ಅದಾಗಿ ಸ್ವಲ್ಪ ದಿನಕ್ಕೇ ಅವನು ಸಿಂಧನೂರಿಗೆ ಹೋದ. ಅಲ್ಲಿ ಕಾಲುವೆ ನೀರು ಬಂದು ಎಲ್ಲ ಕಡೆ ಭತ್ತವಾಗಿತ್ತು. ಆಂಧ್ರದಿಂದ ಬಂದ ರೈತರು ಕಾಲುವೆಯ ಉದ್ದಕ್ಕೂ ಕ್ಯಾಂಪು ಕಟ್ಟಿಕೊಂಡಿದ್ದರು. ಟ್ರ್ಯಾಕ್ಟರು, ಭತ್ತ ಒಕ್ಕುವ ಯಂತ್ರ ರಿಪೇರಿಗೆ ಕೈಗಳು ಬೇಕಾಗಿದ್ದವು. ವಳಕಮದಿನ್ನಿಯ ಹತ್ತಿರದ ಒಂದು ಕ್ಯಾಂಪಿನಲ್ಲಿ ತೆಲುಗಿನ ಮೇಸ್ತ್ರಿಯ ಶೆಡ್ಡಿನಲ್ಲಿ ಅಣ್ಣ ಕೆಲಸಕ್ಕೆ ನಿಂತ. ಅಪ್ಪ ತಡೆಯಲಿಲ್ಲ. ಮನೆಯಲ್ಲಿ ಏನೋ ಹಗುರಾದಂತೆ ಇದ್ದ. ಅದನ್ನು ಅಣ್ಣನೂ ಗಮನಿಸಿಯೇ ಹೊರಟಿದ್ದ.

ಸುಗ್ಗಿಯ ಕಾಲಕ್ಕೆ ಅವ್ವ, ನಾನು ಅವನನ್ನು ನೋಡಲು ಹೋದೆವು. ಬಸ್ಸಿಳಿದು ಗದ್ದೆಯ ಬದುವಿನ ಮೇಲೆ ನಡೆದು ಶೆಡ್ಡಿನ ಹತ್ತಿರ ಬಂದಾಗ ಯಾರೋ ಹಾಡುವುದು ಕೇಳಿತು. ನಮ್ಮ ಗುಡಿಯ ಗೀತೆ. ಟ್ರ್ಯಾಕ್ಟರಿನ ಕೆಳಗಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಒಂದು ಅಕ್ಷರವೂ ತಡವರಿಸದೆ ಅಣ್ಣ ಹಾಡುತ್ತಿದ್ದ. ಅವ್ವ ಅಲ್ಲೇ ಬದುವಿನ ಮೇಲೆ ಕೂತುಬಿಟ್ಟಳು.

ಮೇಸ್ತ್ರಿ ಅವನನ್ನು ಕರೆದ. ಅಣ್ಣ ಹೊರಗೆ ಬಂದು, ಯಂತ್ರದ ಯಾವುದೋ ಭಾಗ ಸವೆದಿದೆ ಎಂದು ತೆಲುಗಿನಲ್ಲಿ ಹೇಳಲು ಹೊರಟು ತೊದಲಿದ. ಆ ಮನುಷ್ಯ ಬೀಡಿ ಹಚ್ಚುತ್ತ, "ಮೆಲ್ಲಗಾ ಚೆಪ್ಪರಾ, ತೊಂದರ ಲೇದು," ಎಂದ. ನಿಧಾನವಾಗಿ ಹೇಳೋ, ಅವಸರವಿಲ್ಲ. ಬೀಡಿ ಹೊತ್ತುವಷ್ಟರಲ್ಲಿ ಅಣ್ಣನ ಮಾತು ಮುಗಿದಿತ್ತು. ಮೇಸ್ತ್ರಿಗೆ ಅದೇನೂ ದೊಡ್ಡ ವಿಷಯವಾಗಿರಲಿಲ್ಲ. ಅವನು ಸಂಜೆಯಾದರೆ ಕುಡಿಯುತ್ತಿದ್ದ, ಕೆಲಸದವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದನೆಂದು ಅಣ್ಣನೇ ಹೇಳಿದ. ಆದರೂ ಮಾತು ಬರುವವರೆಗೆ ಕಾದಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವ್ವನನ್ನು ಕೇಳಿದೆ, "ಅಪ್ಪ ಯಾಕ ಹಿಂಗ?"

"ಅಂಜಿಕಿ," ಎಂದಳು ಅವ್ವ. "ಮಂದಿ ಏನಂತಾರ ಗೊತ್ತದೇನು? ಉಪದೇಶಿ ಮಗನ ನಾಲಿಗೀನ ಬಿಡಿಸಲಾರದ ದೇವರು ನಮ್ಮ ಕಷ್ಟ ಏನು ಬಿಡಿಸ್ತಾನ ಅಂತಾರ. ಅವನ್ನ ನೋಡಿದಾಗೆಲ್ಲಾ ನಿಮ್ಮಪ್ಪಗ ಆ ಮಾತು ನೆಪ್ಪಾಗ್ತದ."

ಮನೆಗೆ ಬಂದು ಅವ್ವ ಅಣ್ಣ ಹಾಡಿದ್ದನ್ನು ಹೇಳಿದಳು. ಅವಳ ಮುಖದಲ್ಲಿ ಆಸೆಯಿತ್ತು. ಅಪ್ಪ ಊಟ ಮಾಡುತ್ತ ಕೇಳಿಸಿಕೊಂಡ. "ಹಾಡಿದ್ರ ಏನಾತು? ವಾಕ್ಯ ಹೇಳಾಕ ಬಂದೀತೇನು?" ಎಂದು ಕೈತೊಳೆಯಲು ಎದ್ದ.

ತೊಂಬತ್ತರ ದಶಕ ಬರುವಷ್ಟರಲ್ಲಿ ನನ್ನ ಮದುವೆಯಾಗಿ ನಾನೂ ಸಿಂಧನೂರಿಗೆ ಬಂದೆ. ಅಣ್ಣ ಕ್ಯಾಂಪಿನಲ್ಲೇ ತೆಲುಗಿನ ಹುಡುಗಿಯನ್ನು ಮದುವೆಯಾಗಿ ತನ್ನದೇ ಸಣ್ಣ ಶೆಡ್ಡು ಹಾಕಿದ. ಅಪ್ಪ ಕೆಲಸದಿಂದ ನಿವೃತ್ತನಾಗಿ ಮತ್ತೆ ಮಸ್ಕಿಗೆ ಹೋಗಿ ನೆಲೆಸಿದ. ನಿವೃತ್ತಿಯ ನಂತರವೂ ಸೈಕಲ್ ಬಿಡಲಿಲ್ಲ. ಒಂದು ಮಳೆಗಾಲದಲ್ಲಿ ಕಾಮಣಿಯಾಗಿ ಕಣ್ಣು ಹಳದಿ ತಿರುಗಿತು. ಔಷಧ ಹತ್ತಲಿಲ್ಲ. ಅಣ್ಣ ಸುದ್ದಿ ಕೇಳಿ ಬರುವ ಹೊತ್ತಿಗೆ ಪ್ರಾಣ ಹೋಗಿತ್ತು.

ಮಣ್ಣಿಗೆ ಬಂದ ಜನ ಗುಡಿಯಲ್ಲಿ ಹಿಡಿಸಲಿಲ್ಲ. ಹೊರಗೆ ತಾಡಪತ್ರಿ ಕಟ್ಟಿದರು. ಒಬ್ಬೊಬ್ಬರೇ ಎದ್ದು ಅಪ್ಪನಿಂದ ತಮಗಾದ ಒಳ್ಳೆಯದನ್ನು ಸಾಕ್ಷಿ ಹೇಳಿದರು. ಗಂಡ ಬಿಟ್ಟ ಹೆಂಗಸೊಬ್ಬಳು ಹೇಳಿದಳು, ವಿಷ ಕುಡಿಯಬೇಕೆಂದಿದ್ದ ದಿನ ಅಯ್ಯನವರು ಬಂದರೆಂದು. ಜನ ಅಪ್ಪನನ್ನು ಹಾಗೆ ಕರೆಯುತ್ತಿದ್ದರು. ಗುರುಗುಂಟಾದ ಆ ನಪಾಸಾದ ಹುಡುಗ ಈಗ ಕಂಡಕ್ಟರ್ ಆಗಿದ್ದ. ಖಾಕಿ ಬಟ್ಟೆಯಲ್ಲೇ ಬಂದಿದ್ದ. "ನೀ ಬೇಕಾರ ಅಲ್ಲ ಅಂತ ನನಗ ಅಂದೋರು ಇವರೊಬ್ಬರ," ಎಂದು ಬಿಕ್ಕಿದ. ಪಾಮನಕಲ್ಲೂರಿನ ಆ ತಾಯಿ ಎದ್ದು ನಿಂತು ಕೈಮುಗಿದು ಕೂತಳು. ನಾನು ಅಳುತ್ತಿದ್ದೆ. ಅವರು ಹೇಳಿದ ಅಪ್ಪ ನನಗೂ ಬೇಕಾಗಿದ್ದ. ಅಣ್ಣ ಹೆಣದ ತಲೆಯ ಕಡೆ ಕೂತು ಎಲ್ಲರ ಬಾಯನ್ನೂ ನೋಡುತ್ತಿದ್ದ, ಯಾರದೋ ಊರಿನ ಸುದ್ದಿ ಕೇಳುವವನಂತೆ.

ಆಗ ಸಭೆಯ ಹಿರಿಯರೊಬ್ಬರು, ಅಪ್ಪನ ಜೊತೆಗೆ ಎಷ್ಟೋ ವರ್ಷ ದುಡಿದವರು, "ಹಿರೇ ಮಗ ಎರಡು ಮಾತು ಹೇಳಲಿ," ಎಂದರು. ನಾನು ಬೇಡವೆಂದು ಕೈಸನ್ನೆ ಮಾಡಿದೆ. ಅವರು ನೋಡಿಯೂ ನೋಡಲಿಲ್ಲ. ಅಣ್ಣ ಎದ್ದ.

"ನ… ನನಗ," ಎಂದ. "ನನಗ ಅಪ್ಪ… ಒಂದ್ ದಿ… ಒಂದ್ ದಿವ್ಸಾನೂ…" ಗದ್ದ ಮೇಲೆ ಹೋಯಿತು. ಕಣ್ಣು ಮುಚ್ಚಿದ. "ಧೈ… ಧೈರ್ಯ ಹೇ… ಹೇ…"

ನಮ್ಮ ಭಾಷೆಯಲ್ಲಿ ಆಯಿತೋ ಇಲ್ಲವೋ ಎಂಬುದು ಮಾತಿನ ಕೊನೆಗೆ ಬರುತ್ತದೆ. ಅಣ್ಣನಿಗೆ ಆ ಕೊನೆ ಮುಟ್ಟಲು ಇನ್ನೊಂದು ಉಸಿರು ಬೇಕಿತ್ತು. ಹಿರಿಯರು ಅವನ ಭುಜ ಹಿಡಿದು ದನಿಯೆತ್ತಿ ಹೇಳಿದರು, "ಧೈರ್ಯ ಹೇಳೂದು ಬಿಟ್ಟಿಲ್ಲ! ಒಂದ್ ದಿವ್ಸಾನೂ ಬಿಟ್ಟಿಲ್ಲ! ಕೇಳಿದ್ರಲ್ಲಾ, ಸ್ವಂತ ಮಗನ ಸಾಕ್ಷಿ!"

"ಆಮೆನ್," ಎಂದಿತು ಇಡೀ ಸಭೆ.

ಅಣ್ಣನ ಬಾಯಿ ಹಾಗೆಯೇ ತೆರೆದಿತ್ತು. ಅವನು ಅಲ್ಲವೆಂದು ತಲೆ ಅಲ್ಲಾಡಿಸಿದ. ದುಃಖ ತಡೆಯಲಾರದೆ ಹಾಗೆ ಮಾಡುತ್ತಿದ್ದಾನೆಂದು ನಾಲ್ಕಾರು ಮಂದಿ ಎದ್ದು ಬಂದು ಅಪ್ಪಿಕೊಂಡರು. "ಧೈರ್ಯ ತಗೋಪಾ," "ಗಟ್ಟಿ ಆಗಪಾ," ಎಂದು ಬೆನ್ನು ತಟ್ಟಿದರು. ಆ ಕೈಗಳ ನಡುವೆ ಅವನ ಮುಖ ನನಗೆ ಕಾಣಲಿಲ್ಲ. ಯಾರೋ ಗೀತೆ ಎತ್ತಿದರು. ಹೆಣವನ್ನು ಎತ್ತಿದರು. ಅಣ್ಣ ಹೆಗಲು ಕೊಟ್ಟ.

ಮರುದಿನ ಬಸ್‌ಸ್ಟ್ಯಾಂಡಿಗೆ ನಾನು ಅವನ ಜೊತೆ ಬಂದೆ. ಬಸ್ಸು ತಡವಾಗಿತ್ತು. ಅವನು ನನ್ನ ಕಡೆ ತಿರುಗಿ ಆ ಮಾತನ್ನು ಮತ್ತೆ ಶುರುಮಾಡಿದ. ನಾನು ಕಾದೆ. ಬಹಳ ಕಷ್ಟಪಟ್ಟ. "ಒಂದ್ ದಿವ್ಸಾನೂ ಧೈರ್ಯ ಹೇಳ್ಲಿಲ್ಲ," ಎಂದು ಮುಗಿಸಿದ.

"ಹೌದಣ್ಣಾ. ನನಗ ಗೊತ್ತದ," ಎಂದೆ. ಅವನು ಸೈ ಎಂಬಂತೆ ತಲೆಯಾಡಿಸಿ ಬಸ್ಸು ಹತ್ತಿದ. ಅಲ್ಲಿಂದ ಮುಂದೆ ಅವನು ಯಾವ ಗುಡಿಗೂ ಹೋಗಲಿಲ್ಲ. ನನ್ನ ಮನೆಗೆ ಬರುತ್ತಾನೆ, ಅವ್ವನನ್ನು ತನ್ನ ಬಳಿಯೇ ಇಟ್ಟುಕೊಂಡ, ಚೆನ್ನಾಗಿ ನೋಡಿಕೊಂಡ. ಗುಡಿಯ ಮಾತು ಮಾತ್ರ ಬಿಟ್ಟ. ಹಾಡುವುದನ್ನೂ ಬಿಟ್ಟ. ಅವನ ಹೆಂಡತಿ ಒಮ್ಮೆ ನನ್ನನ್ನು ಕೇಳಿದ್ದಳು, ಮದುವೆಯಾದ ಹೊಸತರಲ್ಲಿ ಹಾಡುತ್ತಿದ್ದವರು ಈಗ ಯಾಕೆ ಹಾಡುವುದಿಲ್ಲವೆಂದು.

ಕೆಲವು ತಿಂಗಳ ಮೇಲೆ ನಾನು ಮಸ್ಕಿಗೆ ಹೋಗಿ ಆ ಹಿರಿಯರ ಮನೆಯ ಕಟ್ಟೆಯ ಮೇಲೆ ಕೂತು ನೇರವಾಗಿ ಹೇಳಿದೆ, "ಅವತ್ತು ನಮ್ಮಣ್ಣ ಹೇಳಬೇಕಂತ ಮಾಡಿದ್ದು ಅದಲ್ಲರಿ."

ಅವರು ಅಡಿಕೆ ಕತ್ತರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಗೊತ್ತದವಾ," ಎಂದರು. "ಗೊತ್ತಿದ್ದೇ ನಾ ಹಂಗ ಅಂದೀನಿ. ಸತ್ತೋರ ಮುಂದ ಅಂಥಾ ಮಾತು ಬರಬಾರದು. ನಿಮ್ಮಪ್ಪಂದು ಇಜ್ಜತ್ ಉಳೀಬೇಕಲ್ಲ."

"ನಿಮಗ ಮೊದಲಿಂದ ಗೊತ್ತಿತ್ತೇನ್ರಿ? ಅಪ್ಪ ಅಣ್ಣನ ಜೋಡಿ ಹೆಂಗಿದ್ದ ಅಂತ?"

"ಯಾರಿಗೆ ಗೊತ್ತಿದ್ದಿಲ್ಲವಾ? ಎಲ್ಲಾರ ಕಣ್ಣಿಗೂ ಕಾಣತಿತ್ತು."

"ಮತ್ತ ಯಾರೂ ಒಂದು ಮಾತು ಅವಗ…"

"ಅಯ್ಯನೋರ ಮನೀ ವಿಷಯ. ನಾವು ನಡುವ ಹೆಂಗ ಬರೂದು?"

ಆ ಗುಡಿಯಲ್ಲಿ ಪ್ರತಿ ಆದಿತ್ಯವಾರ ಒಬ್ಬರಿಗೊಬ್ಬರು ಧೈರ್ಯ ಹೇಳಬೇಕೆಂದು ಕೇಳಿಸಿಕೊಂಡ ಜನ ಅವರು. ಅಪ್ಪನಿಂದ ಅದನ್ನು ಪಡೆದವರು. ಎಲ್ಲರಿಗೂ ಗೊತ್ತಿತ್ತು. ಅಪ್ಪನ ಮೇಲಿನ ಸಿಟ್ಟಿಗಿಂತ ದೊಡ್ಡದೊಂದು ಸಿಟ್ಟು ಆ ಕಟ್ಟೆಯ ಮೇಲೆ ನನಗೆ ಬಂತು. ಅದು ಇನ್ನೂ ಇಳಿದಿಲ್ಲ. ಅಪ್ಪ ಹೆದರಿದ್ದ, ಅವನಿಗೆ ಒಂದು ಕಾರಣವಾದರೂ ಇತ್ತು. ಇವರಲ್ಲಿ ಯಾರಾದರೂ ಒಬ್ಬರು, ಆ ಕ್ರಿಸ್ಮಸ್ಸಿನ ದಿನ ತೋರಣದ ಕೆಳಗೆ ನಿಂತಿದ್ದ ಅಣ್ಣನನ್ನು ಕೈಹಿಡಿದು ತಮ್ಮ ಪಕ್ಕಕ್ಕೆ ಕೂರಿಸಿಕೊಂಡಿದ್ದರೆ ಸಾಕಾಗಿತ್ತು.

ಆ ಸುಳ್ಳು ಊರಿಂದ ಊರಿಗೆ ನಡೆಯಿತು. ಅಪ್ಪನ ನೆನಪಿನ ದಿನ ಪ್ರತಿ ವರ್ಷ ಹೇಳಿದರು. ಆಮೇಲೆ ಸಿಂಧನೂರಿನ ನಮ್ಮ ಗುಡಿಗೇ ಬಂದ ಒಬ್ಬ ಪ್ರಸಂಗಿ, ನಾನು ಯಾರೆಂದು ತಿಳಿಯದೆ, ನನ್ನ ಮುಂದೆಯೇ ಆ ಕಥೆ ಹೇಳಿದರು. ಒಬ್ಬ ಉಪದೇಶಿ ಇದ್ದನಂತೆ, ಅವನ ಮೂಗ ಮಗ ತಂದೆಯ ಹೆಣದ ಮುಂದೆ ಬಾಯಿ ಬಿಟ್ಟು ಮಾತಾಡಿದನಂತೆ, ಒಂದು ದಿವಸವೂ ನನಗೆ ಧೈರ್ಯ ಹೇಳುವುದನ್ನು ಬಿಡಲಿಲ್ಲ ಎಂದನಂತೆ. ಆ ಕಥೆಯಲ್ಲಿ ಅಣ್ಣ ಮೂಗನಾಗಿದ್ದ, ಅವನ ತೊದಲು ಪವಾಡವಾಗಿತ್ತು. ಹೆಂಗಸರು ಕಣ್ಣೊರೆಸಿಕೊಂಡರು.

ಆರಾಧನೆ ಮುಗಿದ ಮೇಲೆ ನಾನು ಅವರ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಸಂಭಾವಿತರು, ನಡುವೆ ಬಾಯಿ ಹಾಕದೆ ಕೇಳಿದರು. ಕೊನೆಗೆ, "ತಾಯೀ, ಈ ಸಾಕ್ಷಿ ಕೇಳಿ ಎಷ್ಟೋ ಮಂದಿ ಬಲಗೊಂಡಾರ. ಅದನ್ನ ಯಾಕ ಕೆಡಸೂದು?" ಎಂದರು.

ಬಲಗೊಂಡಿರಬಹುದು. ನಾನು ಇಲ್ಲವೆನ್ನುವುದಿಲ್ಲ. ಅವರಿಗೆ ವಂದನೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ. ಮುಂದಿನ ಆದಿತ್ಯವಾರ ಮತ್ತೆ ಹೋದೆ. ಈಗಲೂ ಹೋಗುತ್ತೇನೆ. ಸಾಕ್ಷಿ ಹೇಳಲು ಯಾರಾದರೂ ಏಳುವ ಹೊತ್ತಿಗೆ ಹೊರಗೆ ಬಂದು ಕಾಂಪೌಂಡಿನ ಗೋಡೆಯ ಬಳಿ ನಿಂತುಕೊಳ್ಳುತ್ತೇನೆ. ಕಾಲು ನೋವೆಂದು ಜನ ತಿಳಿದಿದ್ದಾರೆ.